ರೈಟ್ರನ್ನು ಕಾರಿನಲ್ಲಿ ಕರೆದುಕೊಂಡು ಹೋದದ್ದು

ನನಗೊಂದು ಚಾಳಿ ಅಂಟಿಕೊಂಡಿದೆ. ಬಿಸಿಲಿಗೆ ನಿಂತ ಕಾರು ಕಂಡರೆ ಸುಮ್ಮನೆ ದಾಟಿ ಹೋಗಲು ಆಗುವುದಿಲ್ಲ. ಹತ್ತಿರ ಹೋಗಿ, ಕಣ್ಣಿನ ಎರಡು ಪಕ್ಕಕ್ಕೂ ಕೈ ಮರೆ ಮಾಡಿ, ಗಾಜಿಗೆ ಹಣೆ ಹಚ್ಚಿ ಒಳಗೆ ಇಣುಕುತ್ತೇನೆ. ಮೊನ್ನೆ ಮೂಡಿಗೆರೆ ಬಸ್ ಸ್ಟ್ಯಾಂಡಿನ ಹಿಂದೆ ಹೀಗೆ ಇಣುಕಿದರೆ ಒಳಗೊಬ್ಬ ಗಂಡಸು ಸೀಟು ಹಿಂದಕ್ಕೆ ಮಾಡಿಕೊಂಡು ಬಾಯಿ ತೆರೆದು ಮಲಗಿದ್ದ. ಕಣ್ಣು ಬಿಟ್ಟವನಿಗೆ ಗಾಜಿಗೆ ಅಂಟಿದ ನನ್ನ ಮುಖ ಕಂಡಿತು. ಅವನು ಹೊಡೆದ ಹಾರನ್ನಿಗೆ ಅರ್ಧ ಬೀದಿ ಸೇರಿತು. ಸೌತೆಕಾಯಿ ಮಾರುವ ಹೆಂಗಸು ಬಂದು, ಏನಜ್ಜಿ, ಈ ವಯಸ್ಸಿಗೆ ಕಾರು ಕದಿಯೋಕೆ ಹೊರಟ್ರಾ ಎಂದಳು. ಕದ್ದರೂ ಓಡಿಸುವುದಕ್ಕೆ ಬರಬೇಕಲ್ಲ ಮಾರಾಯ್ತಿ ಎಂದು ಮುಂದೆ ನಡೆದೆ. ಒಳಗೆ ನಾಯಿ ಇದೆಯೇನೋ ಎಂದು ನೋಡಿದೆ ಅಂತ ಹೇಳಿದ್ದರೆ ಕಳ್ಳಿ ಅನ್ನುವ ಬದಲು ಹುಚ್ಚಿ ಅನ್ನುತ್ತಿದ್ದರು. ಕಳ್ಳಿ ಅನ್ನಿಸಿಕೊಳ್ಳುವುದೇ ವಾಸಿ.

ಹಾಗಂತ ನಾನು ನಾಯಿಯನ್ನು ಮುದ್ದು ಮಾಡುವ ಪೈಕಿ ಅಲ್ಲ. ನಾನು ಹುಟ್ಟಿದ್ದು ಅತ್ತಿಗುಂಡಿಯಲ್ಲಿ, ಬಾಬಾಬುಡನ್‌ಗಿರಿಯ ಮಗ್ಗುಲಿಗೆ. ನಮ್ಮ ಮನೆಯಲ್ಲಿ ನಾಯಿಯ ಜಾಗ ಕೊಟ್ಟಿಗೆಯ ಪಕ್ಕ, ಊಟ ನಮ್ಮದೆಲ್ಲ ಆದ ಮೇಲೆ. ಚಿರತೆ ಒಂದನ್ನು ಎತ್ತಿಕೊಂಡು ಹೋದರೆ ಅಪ್ಪ ಇನ್ನೊಂದನ್ನು ತರುತ್ತಿದ್ದ. ಹೊಸ ಹೆಸರು ಹುಡುಕುವ ಪುರುಸೊತ್ತು ಯಾರಿಗೂ ಇರಲಿಲ್ಲ. ಎಲ್ಲವೂ ಕರಿಯ. ನಾನು ಮದುವೆಯಾಗಿ ಹೋಗುವ ಹೊತ್ತಿಗೆ ಆರು ಕರಿಯಂದಿರು ಆಗಿದ್ದರು. ಅದರಲ್ಲಿ ಒಬ್ಬ ಬೆಳ್ಳಗಿದ್ದ.

ನಾಯಿ ಗಾಡಿಯಲ್ಲಿ ಹೋಗುವುದನ್ನು ನಾನು ಮೊದಲು ನೋಡಿದ್ದೂ ಅಲ್ಲಿಯೇ. ಎಸ್ಟೇಟಿನ ಸಾಹುಕಾರರದ್ದೊಂದು ಜೀಪಿತ್ತು. ಅದಕ್ಕೆ ಬಾಗಿಲೂ ಇಲ್ಲ, ಗಾಜೂ ಇಲ್ಲ. ಮುಂದಿನ ಸೀಟಿನಲ್ಲಿ ಸಾಹುಕಾರರ ಪಕ್ಕ ಅವರ ನಾಯಿ ಕೂರುತ್ತಿತ್ತು. ಕೆಲಸದವರ ಹಾಜರಿ, ಲೆಕ್ಕಪತ್ರ ಬರೆಯುವ ರೈಟರು ಹಿಂದೆ ಕಂಬಿ ಹಿಡಿದು ನಿಂತಿರುತ್ತಿದ್ದರು. ಗಾಳಿಗೆ ನಾಯಿಯ ಕಿವಿ ಹಿಂದಕ್ಕೆ ಮಡಚಿಕೊಂಡು, ಕಣ್ಣು ಸಣ್ಣದಾಗಿ, ನಾಲಿಗೆ ಒಂದು ಪಕ್ಕಕ್ಕೆ ಹಾರುತ್ತಿತ್ತು. ನಾವು ಮಕ್ಕಳು ಧೂಳು ಕುಡಿಯುತ್ತ ಹಿಂದೆ ಓಡುತ್ತಿದ್ದೆವು. ಮುಂದಿನ ಜನ್ಮದಲ್ಲಿ ಸಾಹುಕಾರರ ಮನೆಯ ನಾಯಿಯಾಗಬೇಕು ಎಂದು ನಾನು ಅವ್ವನ ಹತ್ತಿರ ಹೇಳಿ ಬೆನ್ನಿಗೆ ಗುದ್ದಿಸಿಕೊಂಡಿದ್ದೆ. ನಾಯಿಗೆ ಗಾಡಿ ಹತ್ತಿದರೆ ಪರಮಸುಖ ಎಂದು ಆವತ್ತು ತಲೆಗೆ ಹೊಕ್ಕದ್ದು ಅರವತ್ತು ವರ್ಷ ಕಳೆದರೂ ಇಳಿಯಲಿಲ್ಲ. ಸುಖ ಗಾಡಿಯದಲ್ಲ, ಗಾಳಿಯದು ಎಂದು ನನಗೆ ಹೊಳೆಯಲೇ ಇಲ್ಲ.

ನಾನು ಹೇಳಹೊರಟಿರುವ ರೈಟ್ರು ಆ ರೈಟರಲ್ಲ. ಇವರು ನನ್ನ ನಾದಿನಿ ಪಾರ್ವತಿಯ ನಾಯಿ. ಪಾರ್ವತಿ ನನ್ನ ಗಂಡನ ತಂಗಿ, ಸಂಸೆಗೆ ಕೊಟ್ಟದ್ದು. ಗಂಡ ಹೋದ ಮೇಲೂ ಮೂರು ಎಕರೆ ಕಾಫಿಯನ್ನು ತಾನೇ ಮಾಡಿಸಿಕೊಂಡಿದ್ದಳು. ಕಂದು ಬಣ್ಣದ ಈ ನಾಯಿ ಮರಿಯಾಗಿದ್ದಾಗಿನಿಂದ ಕಾಫಿ ಒಣಗಿಸುವ ಕಣದ ಕಟ್ಟೆಯ ಮೇಲೆ ಕುಳಿತು, ಕೆಲಸದವರು ಬರುವುದನ್ನೂ ಹೋಗುವುದನ್ನೂ ನೋಡುತ್ತಿತ್ತು. ಬೊಗಳುವುದಿಲ್ಲ, ಓಡುವುದಿಲ್ಲ, ಸುಮ್ಮನೆ ನೋಡುವುದು. ಬೆಳಿಗ್ಗೆ ಯಾರಾದರೂ ತಡವಾಗಿ ಬಂದರೆ ಮಾತ್ರ ಎದ್ದು ನಿಂತು ಅವರ ಮುಖವನ್ನೇ ನೋಡುತ್ತಿತ್ತು. ಹಣ್ಣು ಕೊಯ್ಯುವ ಹೆಂಗಸರು ರೈಟ್ರು ಎಂದು ಕರೆದರು, ಹೆಸರು ನಿಂತಿತು. ಹೆಸರಿನ ಜೊತೆಗೆ ಮರ್ಯಾದೆಯೂ ಬಂತು. ರೈಟ್ರು ಉಂಡ್ರಾ, ರೈಟ್ರು ಎಲ್ಲಿ ಮಲಗಿದ್ರು ಎಂದೇ ಎಲ್ಲರೂ ಕೇಳುತ್ತಿದ್ದರು. ಪಾರ್ವತಿಯೊಬ್ಬಳು ಮಾತ್ರ ಅವನು ಇವನು ಎನ್ನುತ್ತಿದ್ದಳು, ಅವಳ ಮನೆಯವನಲ್ಲವೇ.

ಎರಡು ವರ್ಷದ ಹಿಂದೆ ಪಾರ್ವತಿ ಅದೇ ಕಣದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಚಿಕ್ಕಮಗಳೂರಿನಲ್ಲಿ ಆಪರೇಷನ್ ಆಯಿತು. ಅಲ್ಲಿಯೇ ಮಗಳು ಶೋಭಳ ಮನೆಯಲ್ಲಿ ಮಲಗಿದಳು. ಮಲಗಿದವಳು ಏಳಲಿಲ್ಲ. ಡಾಕ್ಟರು ದಿನಾ ನಾಲ್ಕು ಹೆಜ್ಜೆ ಹಾಕಬೇಕು ಎಂದರೆ ಗೋಡೆ ಕಡೆ ತಿರುಗುತ್ತಿದ್ದಳು. ಹೀಗೇ ಮಲಗಿದರೆ ಇನ್ನು ಮಲಗಿಯೇ ಇರುತ್ತೀರಿ ಎಂದು ಡಾಕ್ಟರು ಬೈದರು. ನಾನು ನೋಡಲು ಹೋದ ದಿನ ನನ್ನ ಕೈ ಹಿಡಿದುಕೊಂಡು, ನನ್ನ ರೈಟ್ರನ್ನ ಇಲ್ಲಿಗೆ ಕರ್ಕೊಂಡು ಬರೋಕೆ ಹೇಳಿ ಅತ್ತಿಗೆ, ಅವನು ಬಂದ ದಿನ ಎದ್ದು ನಿಲ್ತೀನಿ ಎಂದಳು. ಸಂಸೆಯಲ್ಲಿ ಪಕ್ಕದ ಮನೆಯವರು ಅನ್ನ ಹಾಕುತ್ತಿದ್ದರು, ನಾಯಿ ಅರ್ಧ ತಿಂದು ಅರ್ಧ ಬಿಡುತ್ತಿತ್ತಂತೆ. ಅಷ್ಟು ದೂರದಿಂದ ನಾಯಿಯನ್ನು ಹೇಗೆ ತರುವುದು, ಯಾರು ತರುವುದು ಎಂದು ಶೋಭ ಮತ್ತು ಅವಳ ಗಂಡ ಒಂದು ವಾರ ಮಾತಾಡಿದರು. ನನಗೆ ಕೇಳಿ ಕೇಳಿ ರೇಗಿತು. ಒಂದು ನಾಯಿ ತರೋಕೆ ಇಷ್ಟು ಮಾತಾ, ನಾನು ತರ್ತೀನಿ ಎಂದೆ.

ಏಪ್ರಿಲ್ ತಿಂಗಳು. ಕಾಫಿ ಅರಳಿಸುವ ಹೂ ಮಳೆ ಬಂದು ಹೋಗಿತ್ತು, ಆಮೇಲೆ ಹನಿ ಇಲ್ಲ. ನಾನು ಗೋಣಿಬೀಡಿನ ನಮ್ಮ ಮನೆಯಿಂದ ಬಸ್ಸು ಹಿಡಿದು ಹಿಂದಿನ ದಿನವೇ ಸಂಸೆಗೆ ಹೋಗಿ ಉಳಿದುಕೊಂಡೆ. ಕಳಸದ ನಾಗೇಶನ ಬಾಡಿಗೆ ಕಾರು ಗೊತ್ತು ಮಾಡಿದ್ದೆ. ನಲವತ್ತು ದಾಟಿದ, ನಿಧಾನಸ್ಥ ಮನುಷ್ಯ. ಬೆಳಿಗ್ಗೆ ಐದಕ್ಕೆ ಬರ್ತೀನಮ್ಮ, ಬಿಸಿಲೇರೋದ್ರೊಳಗೆ ನಾಯಿ ಮುಟ್ಟಿಸಿಬಿಡೋಣ ಎಂದು ಫೋನಿನಲ್ಲಿ ಹೇಳಿದ. ನನಗೆ ಸ್ನಾನ ಆಗಬೇಕು, ವಿಭೂತಿ ಹಚ್ಚಿ ಪೂಜೆ ಆಗಬೇಕು, ತಿಂಡಿ ಆಗಬೇಕು. ಬಿಸಿಲಿಗೆ ಹೆದರೋಕೆ ಇದೇನು ಕಡೂರಾ ಎಂದೆ. ನಮ್ಮ ಕಡೆಯವರಿಗೆ ಇದೊಂದು ಜಂಬ. ಬಿಸಿಲೆಂಬುದು ಬಯಲುಸೀಮೆಯವರಿಗೆ ಬರುವ ಕಾಯಿಲೆ, ಘಟ್ಟ ಹತ್ತಿ ಬರುವುದಿಲ್ಲ ಎಂದುಕೊಂಡಿದ್ದೇವೆ. ಈಗೀಗ ನಮ್ಮಲ್ಲೂ ಮಾರ್ಚಿಗೇ ಫ್ಯಾನು ತಿರುಗುತ್ತದೆ. ಜಂಬ ಮಾತ್ರ ಹಳೆಯದೇ. ಹೊರಟಾಗ ಎಂಟೂವರೆ.

ರೈಟ್ರು ಕಾರು ಹತ್ತಲು ಮೊದಲು ಒಪ್ಪಲಿಲ್ಲ. ನಾಲ್ಕು ಕಾಲನ್ನೂ ನೆಲಕ್ಕೆ ಊರಿ ನಿಂತರು. ನನಗೇನು ತೋಚಿತೋ, ಪಾರ್ವತಿ ಹತ್ರ ಹೋಗೋಣ ಬಾ ಎಂದೆ. ಕಿವಿ ನೆಟ್ಟಗಾಯಿತು. ಒಮ್ಮೆ ಮನೆಯ ಬಾಗಿಲು ನೋಡಿ, ಒಮ್ಮೆ ನನ್ನನ್ನು ನೋಡಿ, ಹಿಂದಿನ ಸೀಟಿಗೆ ತಾನೇ ನೆಗೆಯಿತು. ದಾರಿಯುದ್ದಕ್ಕೂ ನಾನು ಪಾರ್ವತಿ ಎಂದಾಗಲೆಲ್ಲ ಬಾಲ ಸೀಟಿಗೆ ಬಡಿಯುತ್ತಿತ್ತು. ನಾಗೇಶನಿಗೆ ಅದೊಂದು ತಮಾಷೆಯಾಗಿ, ಇನ್ನೊಂದು ಸಲ ಹೇಳಿ ಅಮ್ಮ ಎನ್ನುತ್ತಿದ್ದ.

ಘಟ್ಟದ ದಾರಿಯಲ್ಲಿ ಮಕ್ಕಳನ್ನು ಕರೆದೊಯ್ಯುವುದು ನಮಗೆಲ್ಲ ಗೊತ್ತಿರುವ ವಿದ್ಯೆ. ಹೊಟ್ಟೆಗೆ ಏನೂ ಕೊಡಬಾರದು, ನೀರಂತೂ ಕೂಡದು, ವಾಂತಿಯಾಗುತ್ತದೆ. ಕೈಯಲ್ಲೊಂದು ನಿಂಬೆಹಣ್ಣು ಕೊಟ್ಟು ಮೂಸುತ್ತಿರು ಅನ್ನಬೇಕು. ನನ್ನ ಮಕ್ಕಳನ್ನೂ ಮೊಮ್ಮಕ್ಕಳನ್ನೂ ಹಾಗೆಯೇ ಸಾಗಿಸಿದ್ದೇನೆ. ನಾಯಿಗೂ ಹಾಗೆಯೇ ಮಾಡಿದೆ. ಬೆಳಿಗ್ಗೆಯಿಂದ ಒಂದು ಹನಿ ಕೊಡಲಿಲ್ಲ, ಮೂಗಿಗೆ ನಿಂಬೆಹಣ್ಣು ಹಿಡಿದೆ. ಅದು ಮುಖ ಕಿವುಚಿಕೊಂಡು ಆ ಕಡೆ ತಿರುಗಿತು. ಕೊಟ್ಟಿಗೆಹಾರದಲ್ಲಿ ಚಹಾಕ್ಕೆ ನಿಂತಾಗ ಜೋರಾಗಿ ತೇಕುತ್ತಿತ್ತು. ನಾಗೇಶ ತನ್ನ ಬಾಟಲಿ ತೆಗೆದು, ಸ್ವಲ್ಪ ನೀರು ಹಾಕ್ಲಾ ಅಮ್ಮ ಎಂದ. ಸೀಟು ಗಲೀಜಾದರೆ ತೊಳೆಯುವವನು ನೀನೇ, ಇನ್ನೆಷ್ಟು ದೂರ, ಅಲ್ಲಿ ಹೋಗಿ ಕುಡೀಲಿ ಎಂದೆ. ಎಸಿ ಹಾಕಲೇ ಎಂದರೆ ನನಗೆ ಕಿವಿ ನೋವು. ಗಾಜು ಪೂರ್ತಿ ಇಳಿಸಿದರೆ ನಾಯಿ ಹಾರೀತು ಎಂಬ ಭಯ. ಎಲ್ಲದಕ್ಕೂ ನನ್ನ ಹತ್ತಿರ ಒಂದು ಉತ್ತರವಿತ್ತು. ನಾಯಿ ಬೆವರುವುದಿಲ್ಲ, ತೇಕಿಯೇ ಮೈಯ ಬಿಸಿ ಹೊರಹಾಕಬೇಕು, ಅದಕ್ಕೆ ಗಾಳಿಯೂ ನೀರೂ ಬೇಕು ಎಂಬ ಒಂದು ಮಾತು ಮಾತ್ರ ಗೊತ್ತಿರಲಿಲ್ಲ.

ಮೂಡಿಗೆರೆಯ ದಾರಿ ಹಿಡಿದದ್ದೂ ನನ್ನ ಸ್ವಾರ್ಥಕ್ಕೆ. ನನ್ನ ಚಿಕ್ಕಮ್ಮನ ಮಗಳು ಸರೋಜಳ ಮೊಮ್ಮಗುವಿಗೆ ಅವತ್ತು ನಾಮಕರಣ. ಹೋಗುವ ದಾರಿಯಲ್ಲೇ ಇದೆ, ಐದು ನಿಮಿಷ ಮುಖ ತೋರಿಸಿ ಬರೋಣ ಎಂದೆ. ಅವಳ ಮನೆ ಕಾಫಿ ತೋಟ ಕಡಿದು ಸೈಟು ಮಾಡಿದ ಜಾಗದಲ್ಲಿ. ಹಳೆಯ ಬೇಲಿಯ ಗುರುತಿಗೆ ಒಂದೇ ಒಂದು ಸಿಲ್ವರ್ ಮರ ಉಳಿದಿತ್ತು. ಹನ್ನೊಂದೂವರೆ ಗಂಟೆ. ಅಗೋ ಅಲ್ಲಿ ನೆರಳಿದೆ, ಅಲ್ಲಿ ನಿಲ್ಲಿಸು ಎಂದೆ. ಗಾಜನ್ನು ಎರಡು ಬೆರಳು ಇಳಿಸಲು ಹೇಳಿದೆ.

ಇಲ್ಲಿ ಒಂದು ಮಾತು ಹೇಳಬೇಕು. ಕಾಫಿಯವರ ಬಾಯಲ್ಲಿ ನೆರಳು ಅಂದರೆ ಮರ. ನಿಮ್ಮಲ್ಲಿ ನೆರಳು ಹೆಂಗಿದೆ ಎಂದು ಕೇಳಿದರೆ ತೋಟದಲ್ಲಿ ಎಂಥ ಮರಗಳಿವೆ ಎಂದು ಕೇಳಿದ ಹಾಗೆ. ಈ ವರ್ಷ ನೆರಳು ತೆಗೆಸಿದೆವು ಅಂದರೆ ಕೊಂಬೆ ಕಡಿಸಿದೆವು ಎಂದರ್ಥ. ಗಾಳಿಗೆ ನೆರಳು ಬಿದ್ದು ಹತ್ತು ಗಿಡ ಹೋಯಿತು ಎಂದು ಅಳುವವರಿದ್ದಾರೆ. ಪೇಟೆಯವರು ಕೇಳಿದರೆ ನಗುತ್ತಾರೆ, ನೆರಳು ಬಿದ್ದರೆ ಗಿಡ ಹೇಗೆ ಮುರಿಯುತ್ತದೆ ಎಂದು. ಐವತ್ತು ವರ್ಷ ನಾನು ಅಂಥ ನೆರಳಿನೊಳಗೇ ಇದ್ದವಳು. ಅತ್ತಿ, ಬಸರಿ, ಹಲಸು ಒಂದರ ಮೇಲೊಂದು ಕೈ ಹಾಕಿಕೊಂಡು ನಿಂತ ತೋಟದಲ್ಲಿ ಬೆಳಿಗ್ಗೆ ಬುತ್ತಿ ಇಟ್ಟ ಕಡೆ ಸಂಜೆಯೂ ತಂಪೇ. ನಮ್ಮ ನೆರಳಿಗೆ ಬೇರಿದೆ, ಅದು ಇಟ್ಟ ಜಾಗದಲ್ಲಿ ಇರುತ್ತದೆ. ಒಂಟಿ ಮರದ ನೆರಳು ಎದ್ದು ಹೋಗುತ್ತದೆ ಎಂದು ಒಂದನೇ ಕ್ಲಾಸಿನ ಮಗುವಿಗೂ ಗೊತ್ತು. ನಾನು ಮೂರನೇ ಕ್ಲಾಸಿನವರೆಗೆ ಓದಿದ್ದೆ.

ಸರೋಜಳ ಮನೆಯಲ್ಲಿ ಮುಖ ತೋರಿಸಿ ಬರುವುದು ಸಾಧ್ಯವೇ? ಊಟ ಮಾಡದೆ ಹೊರಟರೆ ಮಗುವಿಗೆ ಒಳ್ಳೇದಾ ಎಂದು ಕೈ ಹಿಡಿದು ಕೂರಿಸಿದಳು. ಮೊದಲ ಪಂಕ್ತಿ ತುಂಬಿತ್ತು. ಎರಡನೇ ಪಂಕ್ತಿಗೆ ಕಾದೆ. ಆಗ ನಾಗೇಶನ ನೆನಪಾಯಿತು. ಅವನು ಕಾರಿನ ಬಾಗಿಲು ತೆಗೆದಿಟ್ಟುಕೊಂಡು ನಾಯಿಯ ಪಕ್ಕ ಕುಳಿತಿದ್ದ. ಡ್ರೈವರನ್ನು ಹೊರಗೆ ಕೂರಿಸಿ ಒಳಗೆ ಹೋಳಿಗೆ ತಿಂದಳು ಎಂದು ನಾಳೆ ಯಾರಾದರೂ ಅಂದರೆ ನನ್ನ ಮರ್ಯಾದೆ ಏನಾಗಬೇಕು? ಹೋಗಿ ಕರೆದೆ. ನಾಯಿ ಇದೆಯಲ್ಲಮ್ಮ, ನಾನು ಇಲ್ಲೇ ಇರ್ತೀನಿ ಎಂದ.

“ನೆರಳಲ್ಲಿದೆಯಲ್ಲೋ ಮಾರಾಯ, ಅದಕ್ಕೇನು ಆಗುತ್ತೆ. ಬಾಗಿಲು ಹಾಕಿ ಬಾ.”

ಅವನು ಬಾಗಿಲು ಹಾಕಿ ಬಂದ.

ಪಂಕ್ತಿಯಲ್ಲಿ ಕೂತ ಮೇಲೆ ನಡುವೆ ಏಳುವ ಹಾಗಿಲ್ಲ. ಹೋಳಿಗೆ ಆಯಿತು, ಅನ್ನ ಸಾರು ಆಯಿತು, ಮಜ್ಜಿಗೆ ಬರುವುದು ತಡವಾಯಿತು. ಬಡಿಸುವವನು ಇನ್ನೊಂದು ಹೋಳಿಗೆ ಎಂದಾಗ ಬೇಡ ಅನ್ನಬಹುದಿತ್ತು. ತುಪ್ಪ ಹಾಕಿಸಿಕೊಂಡೆ. ಹೊರಗೆ ಬಂದಾಗ ಒಂದು ಗಂಟೆಯ ಹತ್ತಿರ. ಸಿಲ್ವರ್ ಮರ ನಿಂತಲ್ಲೇ ನಿಂತಿತ್ತು. ನೆರಳು ಬುಡವನ್ನು ಸುತ್ತಿ ಆ ಕಡೆಯ ಚರಂಡಿಗೆ ಬಿದ್ದಿತ್ತು. ಕಾರು ಬಟ್ಟ ಬಯಲಲ್ಲಿತ್ತು.

ನಾಗೇಶ ಓಡಿದ. ನನಗೆ ಓಡಲು ಆಗಲಿಲ್ಲ. ಅವನು ಬಾಗಿಲು ತೆಗೆದಾಗ ಒಲೆಯ ಬಾಯಿಂದ ಬಂದ ಹಾಗೆ ಬಿಸಿ ನನ್ನ ಮುಖಕ್ಕೂ ಹೊಡೆಯಿತು. ನಾಯಿ ಸೀಟಿನ ಕೆಳಗೆ, ಕಾಲಿಡುವ ಜಾಗದಲ್ಲಿ ತೂರಿಕೊಂಡು ಬಿದ್ದಿತ್ತು. ನಾಲಿಗೆ ನೇರಳೆಹಣ್ಣು ತಿಂದ ಬಣ್ಣ. ಬಾಯಲ್ಲಿ ನೊರೆ. ಗಾಜಿನ ಮೇಲೆ, ಆ ಎರಡು ಬೆರಳಿನ ಸಂದಿಯ ಕೆಳಗೆ, ಮೂಗು ಉಜ್ಜಿದ ಗುರುತುಗಳು. ನಾಗೇಶ ಎತ್ತಿ ಹೊರಗೆ ಮಲಗಿಸಿ ತನ್ನ ಬಾಟಲಿಯ ನೀರನ್ನೆಲ್ಲ ಹೊಟ್ಟೆಗೂ ಪಾದಕ್ಕೂ ಸುರಿದ. ಒದ್ದೆ ಟವೆಲ್ಲು ಹಾಸಿ, ಗಾಜು ಪೂರ್ತಿ ಇಳಿಸಿ, ದನದ ಆಸ್ಪತ್ರೆಗೆ ಓಡಿಸಿದ.

ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ಫ್ಯಾನಿನ ಕೆಳಗೆ ಮಲಗಿಸಿ ನೀರು ಹಾಕಿಸಿದಳು, ಸೂಜಿ ಹಾಕಿದಳು, ಡ್ರಿಪ್ಪು ಏರಿಸಿದಳು. ಎಷ್ಟು ಹೊತ್ತು ಮುಚ್ಚಿದ ಕಾರಲ್ಲಿತ್ತು ಎಂದು ಕೇಳಿದಳು. ನಾಗೇಶ ಹೇಳಿದ. ಗಾಜು ಇಳಿಸಿದ್ದೆವು ಎಂದು ನಾನು ಎರಡು ಬೆರಳು ತೋರಿಸಿದೆ.

“ಅಜ್ಜಿ, ಎರಡು ಬೆರಳು ಇಳಿಸಿದ್ರೂ ಒಂದೇ, ಮುಚ್ಚಿದ್ರೂ ಒಂದೇ. ನೀವು ಒಳಗೆ ಕೂತಿದ್ರೆ ಹತ್ತು ನಿಮಿಷಕ್ಕೆ ಬಾಗಿಲು ತೆಗೀತಿದ್ರಿ. ಅದಕ್ಕೆ ತೆಗೆಯೋಕೆ ಬರಲ್ಲ.”

ಬೈಯಲಿಲ್ಲ, ನಿಧಾನವಾಗಿ ಹೇಳಿದಳು. ಅರ್ಧ ಗಂಟೆಗೆ ರೈಟ್ರು ಹೋದರು. ಕೊನೆಗೊಮ್ಮೆ ಕಣ್ಣು ನನ್ನ ಕಡೆಗಿತ್ತು. ನನ್ನನ್ನೇ ನೋಡಿತೋ ಇಲ್ಲವೋ ನನಗೆ ಗೊತ್ತಿಲ್ಲ, ಇಲ್ಲದ್ದನ್ನು ಬರೆಯುವುದಿಲ್ಲ.

ಕಾಫಿ ಚೀಲದಲ್ಲಿ ಸುತ್ತಿ ಗೋಣಿಬೀಡಿಗೆ ತಂದು ನಮ್ಮ ತೋಟದ ಮೇಲಿನ ಮೂಲೆಯಲ್ಲಿ ಹೂತೆವು. ಗುಂಡಿ ತೆಗೆದದ್ದು ನಾಗೇಶ. ಆಮೇಲೆ ಚಿಕ್ಕಮಗಳೂರಿಗೆ ಹೊರಟೆವು. ನಾನು ಮುಖದ ಮೇಲೆ ಹೇಳುವವಳು ಎಂದು ನಮ್ಮ ನೆಂಟರಿಷ್ಟರಲ್ಲಿ ಹೆಸರಿದೆ. ಹೆಣ್ಣು ನೋಡಲು ಹೋದ ಮನೆಯಲ್ಲಿ ಉಪ್ಪಿಟ್ಟಿಗೆ ಉಪ್ಪಿಲ್ಲ ಎಂದು ಹೇಳಿ ಬಂದವಳು. ನೇರ ಹೇಳಿಬಿಡುತ್ತೇನೆ ಎಂದೇ ಕಾರಿನಲ್ಲಿ ಕೂತಿದ್ದೆ.

ಸಂಜೆ ಐದಕ್ಕೆ ಶೋಭಳ ಮನೆಯ ಗೇಟು ತೆಗೆದರೆ ಪಾರ್ವತಿ ಜಗುಲಿಯಲ್ಲಿ ಕುರ್ಚಿಯ ಮೇಲಿದ್ದಳು. ಎರಡು ತಿಂಗಳಲ್ಲಿ ಹಾಸಿಗೆ ಬಿಟ್ಟು ಹೊರಗೆ ಬಂದದ್ದು ಅವತ್ತೇ ಮೊದಲು. ತಲೆ ಬಾಚಿಸಿಕೊಂಡಿದ್ದಳು. ಕಾಲ ಬಳಿ ಹಳೆಯ ಜಮಖಾನೆ ಹಾಸಿಸಿದ್ದಳು. ನನ್ನ ಹಿಂದೆ ನೋಡಿದಳು, ಕಾರಿನ ಕಡೆ ನೋಡಿದಳು.

ನನ್ನ ಬಾಯಿಂದ ಬಂದದ್ದು ಇದು. ಕೊಟ್ಟಿಗೆಹಾರದಲ್ಲಿ ಚಹಾಕ್ಕೆ ಬಾಗಿಲು ತೆಗೆದೆವು, ಹಾರಿ ಓಡಿಬಿಟ್ಟ, ಸಂಸೆಯ ದಿಕ್ಕಿಗೇ ಓಡಿದ, ಎಷ್ಟು ಕೂಗಿದರೂ ತಿರುಗಿ ನೋಡಲಿಲ್ಲ.

ನಿಜ ಹೇಳಿದರೆ ಅವಳು ಮತ್ತೆ ಮಲಗಿಬಿಡುತ್ತಾಳೆ ಎಂದು ಹಾಗೆ ಹೇಳಿದೆ ಅಂತ ಬರೆದರೆ ಚೆನ್ನಾಗಿ ಕಾಣುತ್ತದೆ. ಹಾಗಲ್ಲ. ನನಗೆ ಬೈಸಿಕೊಳ್ಳುವುದು ಬೇಡವಾಗಿತ್ತು. ಆಚೆ ಬಂದ ಮೇಲೆ ನಾಗೇಶ, ಅವರು ನನ್ನ ಕೇಳಿದ್ರೆ ಸುಳ್ಳು ಹೇಳೋಕಾಗಲ್ಲಮ್ಮ, ಕೇಳದಿದ್ರೆ ಸುಮ್ನಿರ್ತೀನಿ ಎಂದ. ಅವನನ್ನು ಯಾರೂ ಕೇಳಲಿಲ್ಲ. ನನ್ನ ಮಾತಿನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ, ಅಷ್ಟು ವರ್ಷ ಮುಖದ ಮೇಲೆ ಹೇಳಿದ್ದಕ್ಕೆ ಸಿಕ್ಕ ಲಾಭ ಅದು.

ಪಾರ್ವತಿ ಎದ್ದಳು. ಸಿಟ್ಟಿಗೆ ಎದ್ದಳು. ಅನ್ನ ಹಾಕಿದ ನಾನು ಬೇಡವಾದೆ, ಕಣದ ಕಟ್ಟೆ ಬೇಕಾಯ್ತು ಅವನಿಗೆ ಎಂದು ವಾಕರ್ ಹಿಡಿದು ಬೈಯುತ್ತ ಹೆಜ್ಜೆ ಹಾಕಿದಳು. ಸಂಸೆಗೆ ದಿನಾ ಫೋನು, ಬಂದನಾ ಎಂದು. ಬರಲಿಲ್ಲ ಎಂದರೆ ಇನ್ನಷ್ಟು ಬೈಗುಳ. ಋಣಗೇಡಿ, ಯಾರದೋ ಮನೆ ಮೀನಿನ ಆಸೆಗೆ ಹೋಗಿ ಸೇರಿಕೊಂಡಿದ್ದಾನೆ, ನಾನೇ ಹೋಗಿ ಕಿವಿ ಹಿಡಿದು ಎಳ್ಕೊಂಡು ಬರ್ತೀನಿ. ನಾನು ಹೋದಾಗಲೆಲ್ಲ ಇದೇ ಕಥೆ. ನಾಯಿ ಅಂದ್ರೆ ಅಷ್ಟೇ ಕಣೆ ಎಂದು ನಾನೂ ಒಂದು ಮಾತು ಸೇರಿಸಿದ್ದೇನೆ. ಕೊಂದದ್ದು ನನ್ನ ಮಂಕುತನ. ಈ ಮಾತು ಸೇರಿಸಿದ್ದಕ್ಕೆ ಏನು ಹೆಸರಿಡಬೇಕೋ ತಿಳಿಯದು.

ಗೌರಿಹಬ್ಬ ಕಳೆದ ಮೇಲೆ ಪಾರ್ವತಿ ಕೋಲು ಊರಿ ನಡೆಯುವಷ್ಟಾದಳು. ಊರಿಗೆ ಬಿಡಲು ನಾಗೇಶನ ಕಾರೇ ಬಂತು, ಜೊತೆಗೆ ನಾನೇ ಬರಬೇಕು ಎಂದಳು. ಕೊಟ್ಟಿಗೆಹಾರದ ಮೇಲೇ ಹೋಗಬೇಕು ಎಂದೂ ಹೇಳಿದಳು. ಅಲ್ಲಿ ಕಾರು ನಿಲ್ಲಿಸಲು ಹೇಳಿ ಇಳಿದು, ಚಹಾದಂಗಡಿಯವನ ಹತ್ತಿರ ಕಂದು ನಾಯಿ ನೋಡಿದ್ಯಾ ಎಂದು ಕೇಳಿದಳು. ಕಂದು ನಾಯಿ ಹತ್ತಿವೆ, ಯಾವುದು ಬೇಕು ಎಂದ ಅವನು. ಮಂಜು ಸರಿದು ಸರಿದು ಬರುತ್ತಿತ್ತು. ಅವಳು ರಸ್ತೆಯ ಅಂಚಿಗೆ ನಿಂತು ಒಂದೆರಡು ಸಲ ರೈಟ್ರೇ ಎಂದು ಕೂಗಿದಳು, ಕೂಗಿದ್ದಕ್ಕೆ ತಾನೇ ನಾಚಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು.

“ಎಲ್ಲಿ ಹಾರಿದ, ಆ ಜಾಗ ತೋರಿಸಿ ಅತ್ತಿಗೆ.”

ನಾಗೇಶ ಸ್ಟೇರಿಂಗಿನ ಮೇಲೆ ಕೈ ಇಟ್ಟು ಎದುರಿಗೆ ನೋಡುತ್ತಿದ್ದ. ಯಾವುದಾದರೂ ಒಂದು ಪೊದೆ ತೋರಿಸಿದ್ದರೆ ಮುಗಿಯುತ್ತಿತ್ತು. ಕೈ ಎತ್ತಿದೆ ಕೂಡ. ಅವಳು ಆ ಪೊದೆಯವರೆಗೆ ಕೋಲೂರಿಕೊಂಡು ಹೋಗಿ ಬಗ್ಗಿ ನೋಡುತ್ತಾಳೆ ಎಂದು ಹೊಳೆಯಿತು. ಕೈ ಇಳಿಸಿದೆ.

ಎಲ್ಲ ಹೇಳಿದೆ. ಎಂಟೂವರೆಗೆ ಹೊರಟದ್ದು, ನೀರು ಕೊಡದಿದ್ದದ್ದು, ಎರಡನೇ ಪಂಕ್ತಿ, ನಾಗೇಶನನ್ನು ನಾನೇ ಎಬ್ಬಿಸಿ ಕರೆದದ್ದು. ಮುಗಿದ ಮೇಲೆ ಕೇಳಿದಳು.

“ಕಾರು ಹತ್ತುವಾಗ ಹಟ ಮಾಡಿದ್ನಾ?”

“ಮೊದಲು ಮಾಡಿದ. ನಿನ್ನ ಹೆಸರು ಹೇಳಿದೆ, ಹತ್ತಿದ. ದಾರಿಯಲ್ಲಿ ನಿನ್ನ ಹೆಸರೆತ್ತಿದಾಗೆಲ್ಲ ಬಾಲ ಬಡೀತಿದ್ದ.”

“ಕಾರೊಳಗಿಂದ ಕೂಗಿದ್ನಾ?”

“ಗೊತ್ತಿಲ್ಲ. ನಾವು ಊಟಕ್ಕೆ ಕೂತಿದ್ವಿ.”

ಅವಳು ತಲೆಯಾಡಿಸಿದಳು. ಎಲ್ಲಿ ಹೂತಿದ್ದೀರಿ ಎಂದು ಕೇಳಿದಳು, ಹೇಳಿದೆ. ಅವಳು ಕೂಗಾಡಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆ, ನನಗೆ ಅದು ಬರುತ್ತದೆ. ಅವಳು ಕೋಲಿನ ತುದಿಯನ್ನೇ ನೋಡುತ್ತಿದ್ದಳು.

“ಸತ್ತದ್ದು ಇರಲಿ. ಐದು ತಿಂಗಳು ನನ್ನ ಬಾಯಲ್ಲಿ ಅವನನ್ನ ಬೈಸಿದ್ರಲ್ಲ ಅತ್ತಿಗೆ.”

ಅವಳು ಹೋಗಿ ಕಾರು ಹತ್ತಿ ಬಾಗಿಲೆಳೆದುಕೊಂಡಳು. ಗಾಡಿ ತಿರುಗಿಸು ನಾಗೇಶ, ಗೋಣಿಬೀಡಿಗೆ ಹೋಗಬೇಕು ಎಂದಳು. ಹಿಂದಿನ ಸೀಟಿನಲ್ಲಿ ಅವಳ ಪಕ್ಕ ಜಾಗವಿತ್ತು. ನಾನು ಮುಂದೆ ಹೋಗಿ ಕೂತೆ.